ಮರಳು ಕಟ್ಟಿದ ತೆರೆ

ನಮ್ಮ ಬಯಲುಸೀಮೆಯ ಮಕ್ಕಳು ಕಡಲನ್ನು ಮೊದಲು ಕಾಣುವುದು ಭೂಪಟದ ನೀಲಿ ಬಣ್ಣದಲ್ಲಿ. ಆಮೇಲೆ, ಅವಕಾಶ ಒದಗಿದರೆ, ಶೈಕ್ಷಣಿಕ ಪ್ರವಾಸದಲ್ಲಿ. ಕಾರವಾರದಲ್ಲಿಯೋ ಮುರುಡೇಶ್ವರದಲ್ಲಿಯೋ ಬಸ್ಸಿನಿಂದಿಳಿದು ಮರಳಿನ ಮೇಲೆ ನಿಂತ ಹುಡುಗನ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಗುರುಗಳೇ, ಈ ತೆರೆಗಳು ಎಲ್ಲಿಂದ ಬರುತ್ತವೆ?" "ಗಾಳಿಯಿಂದ ಏಳುತ್ತವೆ" ಎಂದು ಹೇಳಿ ನಾವು ಮುಂದೆ ಸಾಗುತ್ತೇವೆ. ಉತ್ತರ ತಪ್ಪಲ್ಲ, ಆದರೆ ಅಪೂರ್ಣ. "ಇಲ್ಲಿ ಗಾಳಿಯೇ ಇಲ್ಲವಲ್ಲ, ಮತ್ತೆ ತೆರೆ ಹೇಗೆ?" ಎಂದು ಜಾಣ ಹುಡುಗನೊಬ್ಬ ಮರುಪ್ರಶ್ನೆ ಹಾಕಿದರೆ ನಾವು ತುಸು ತಡವರಿಸಬೇಕಾಗುತ್ತದೆ.

ಈ ಮರುಪ್ರಶ್ನೆಗೆ ಉತ್ತರವನ್ನು ಸ್ಪಷ್ಟವಾಗಿ ಕಲಿಸಬಲ್ಲ ಒಂದು ಸ್ಥಳ ಭೂಮಿಯ ಮೇಲಿದೆ. ಅದು ಆಫ್ರಿಕಾ ಖಂಡದ ನೈಋತ್ಯ ಅಂಚಿನಲ್ಲಿ, ನಮೀಬಿಯ ದೇಶದ ಮರುಭೂಮಿಯೂ ಅಟ್ಲಾಂಟಿಕ್ ಸಾಗರವೂ ಕೂಡುವೆಡೆಯಲ್ಲಿದೆ. ಜಗತ್ತಿನ ಅತಿ ನೀಳವಾದ ತೆರೆಗಳಲ್ಲೊಂದು ಅಲ್ಲಿ ಒಡೆಯುತ್ತದೆ. ಹಲಗೆಯ ಮೇಲೆ ನಿಂತು ತೆರೆಯ ಇಳಿಜಾರಿನಲ್ಲಿ ಜಾರುವ ಸರ್ಫಿಂಗ್ ಎಂಬ ಆಟವನ್ನು ಆಡುವವರು ಆ ಒಂದು ತೆರೆಗಾಗಿ ಸಾಗರಗಳನ್ನು ದಾಟಿ ಹೋಗುತ್ತಾರೆ. ಆಟ ನಮ್ಮದಲ್ಲದಿರಬಹುದು, ಆದರೆ ಆ ತೆರೆ ಹೇಗೆ ಹುಟ್ಟಿತು, ಹೇಗೆ ನಡೆಯಿತು, ಯಾವುದರ ಮೇಲೆ ಬಿದ್ದು ಒಡೆಯಿತು ಎಂಬುದನ್ನು ಅರಿತವನು ಯಾವ ಕಡಲ ಮುಂದೆ ನಿಂತರೂ ಕುರುಡನಾಗಿ ನಿಲ್ಲುವುದಿಲ್ಲ.

ಸ್ಥಳದ ಪರಿಚಯ

ನಮೀಬಿಯದ ಕರಾವಳಿಯ ನಡುಭಾಗದಲ್ಲಿ ವಾಲ್ವಿಸ್ ಬೇ ಎಂಬ ಬಂದರು ಪಟ್ಟಣವಿದೆ. ಹೆಸರಿನ ಅರ್ಥ 'ತಿಮಿಂಗಿಲಗಳ ಕೊಲ್ಲಿ'. ಪೋರ್ಚುಗೀಸ್ ನಾವಿಕ ಬಾರ್ತೊಲೊಮೆಯು ಡಯಾಸನು ೧೪೮೭ರಲ್ಲಿ ಆಫ್ರಿಕಾದ ದಕ್ಷಿಣ ತುದಿಯನ್ನು ಅರಸಿ ಹೊರಟಾಗ ಈ ಕೊಲ್ಲಿಯನ್ನು ಮುಟ್ಟಿದ್ದನು. ೧೮೭೮ರಲ್ಲಿ ಇದನ್ನು ಬ್ರಿಟಿಷರು ವಶಪಡಿಸಿಕೊಂಡರು. ಮುಂದೆ ಇದು ದಕ್ಷಿಣ ಆಫ್ರಿಕಾದ ಅಧೀನವಾಯಿತು. ನಮೀಬಿಯ ೧೯೯೦ರಲ್ಲಿ ಸ್ವತಂತ್ರವಾದರೂ ಈ ಬಂದರು ಅದರ ಕೈಸೇರಿದ್ದು ೧೯೯೪ರಲ್ಲಿ. ಅದಕ್ಕಾಗಿ ಇಷ್ಟೊಂದು ಹಗ್ಗಜಗ್ಗಾಟ ನಡೆದುದು ಅಕಾರಣವಲ್ಲ. ನೂರಾರು ಕಿಲೋಮೀಟರು ಉದ್ದದ ಆ ಬೋಳು ಕರಾವಳಿಯಲ್ಲಿ ದೊಡ್ಡ ಹಡಗುಗಳಿಗೆ ಸಹಜವಾದ ಆಸರೆ ದೊರೆಯುವ ತಾಣಗಳು ತೀರ ವಿರಳ.

ಆ ಆಸರೆಯನ್ನು ಒದಗಿಸಿರುವುದು ಬಂಡೆಯಲ್ಲ, ಮರಳು. ಪಟ್ಟಣದ ಪಶ್ಚಿಮಕ್ಕೆ ಮರಳಿನ ನೀಳವಾದ ನಾಲಗೆಯೊಂದು ಉತ್ತರಾಭಿಮುಖವಾಗಿ ಕಡಲೊಳಕ್ಕೆ ಚಾಚಿಕೊಂಡಿದೆ. ಅದರ ತುದಿಗೆ ಪೆಲಿಕನ್ ಪಾಯಿಂಟ್ ಎಂದು ಹೆಸರು, ಅಲ್ಲೊಂದು ದೀಪಸ್ತಂಭವಿದೆ. ನಾಲಗೆಯ ಒಳಮಗ್ಗುಲಲ್ಲಿ ಶಾಂತವಾದ ಕೊಲ್ಲಿ, ಉಪ್ಪಿನ ಹರವುಗಳು, ಸಾವಿರಗಟ್ಟಲೆ ರಾಜಹಂಸಗಳು ಮೇಯುವ ಹಿನ್ನೀರು. ಹೊರಮಗ್ಗುಲಲ್ಲಿ ತೆರೆದ ಅಟ್ಲಾಂಟಿಕ್. ಈ ಹೊರಮಗ್ಗುಲಿನ ಒಂದು ಬಾಗಿನಲ್ಲಿಯೇ ನಾವು ಹೇಳಹೊರಟ ತೆರೆ ಒಡೆಯುತ್ತದೆ. ಸ್ಥಳೀಯರು ಆ ಜಾಗವನ್ನು ಡಾಂಕಿ ಬೇ ಎನ್ನುತ್ತಾರೆ. ಆಟಗಾರರ ಬಾಯಲ್ಲಿ ಅದು ಸ್ಕೆಲಿಟನ್ ಬೇ, ಎಂದರೆ 'ಅಸ್ಥಿಪಂಜರದ ಕೊಲ್ಲಿ'. ಇನ್ನೂ ಉತ್ತರಕ್ಕಿರುವ, ಹಡಗುಗಳ ಅವಶೇಷಗಳಿಗೂ ತಿಮಿಂಗಿಲದ ಎಲುಬುಗಳಿಗೂ ಹೆಸರಾದ ಸ್ಕೆಲಿಟನ್ ಕೋಸ್ಟ್‌ನಿಂದ ಈ ಹೆಸರು ಎರವಲು ಬಂದಿದೆ.

ಅಲ್ಲಿ ಅಂಗಡಿಯಿಲ್ಲ, ಮನೆಯಿಲ್ಲ, ಮರದ ನೆರಳಿಲ್ಲ. ಉಪ್ಪಿನ ಹರವುಗಳನ್ನು ದಾಟಿ ಮರಳಿನ ಮೇಲೆ ನಾಲ್ಕೂ ಚಕ್ರಕ್ಕೆ ಎಳೆತವಿರುವ ವಾಹನದಲ್ಲಿಯೇ ಹೋಗಬೇಕು. ಮಳೆಯ ವಾರ್ಷಿಕ ಸರಾಸರಿ ಎರಡು ಸೆಂಟಿಮೀಟರಿಗಿಂತಲೂ ಕಡಿಮೆ.

ತೆರೆಯ ತೌರುಮನೆ

ತೆರೆ ಹುಟ್ಟುವುದು ಇಲ್ಲಿ ಅಲ್ಲ. ದಕ್ಷಿಣ ಗೋಲಾರ್ಧದಲ್ಲಿ ೪೦ ಡಿಗ್ರಿ ಅಕ್ಷಾಂಶದಿಂದ ಕೆಳಕ್ಕೆ ಗಾಳಿಗೆ ಅಡ್ಡಬರುವ ನೆಲ ಬಹು ಸ್ವಲ್ಪ. ಆದುದರಿಂದ ಪಶ್ಚಿಮದ ಗಾಳಿ ಅಲ್ಲಿ ಭೂಮಿಯನ್ನು ಸುತ್ತುತ್ತ ಬೀಸುತ್ತದೆ. ಹಾಯಿಹಡಗಿನ ಕಾಲದ ನಾವಿಕರು ಆ ವಲಯವನ್ನು 'ಗರ್ಜಿಸುವ ನಲವತ್ತು' ಎಂದು ಕರೆದರು. ಅಲ್ಲಿ ಚಂಡಮಾರುತವೊಂದು ದಿನಗಟ್ಟಲೆ ಒಂದೇ ದಿಕ್ಕಿಗೆ ಬೀಸಿದರೆ ನೀರಿನ ಮೇಲೆ ಸಣ್ಣ, ದೊಡ್ಡ, ಅಡ್ಡಾದಿಡ್ಡಿ ಅಲೆಗಳ ಗೊಂದಲವೇಳುತ್ತದೆ. ಆ ಗೊಂದಲ ಬಿರುಗಾಳಿಯ ಸೀಮೆಯನ್ನು ಬಿಟ್ಟು ಹೊರಟಾಗ ಒಂದು ಕ್ರಮಕ್ಕೆ ಬರುತ್ತದೆ. ನೀಳವಾದ ಅಲೆಗಳು ಬೇಗ ನಡೆಯುತ್ತವೆ, ಕುಳ್ಳಾದವು ಹಿಂದುಳಿದು ಅಡಗುತ್ತವೆ. ಜಾತ್ರೆಯಿಂದ ಹೊರಬಿದ್ದ ಜನ ದಾರಿಯಲ್ಲಿ ತಮ್ಮ ತಮ್ಮ ನಡಿಗೆಗೆ ತಕ್ಕಂತೆ ಸಾಲಾಗುವ ಹಾಗೆ ಅಲೆಗಳೂ ಸಾಲಾಗುತ್ತವೆ. ಹೀಗೆ ಸಾಲುಗೂಡಿ ದೂರ ನಡೆದು ಬಂದ ತೆರೆಯನ್ನು ಇಂಗ್ಲಿಷಿನಲ್ಲಿ ಸ್ವೆಲ್ ಎನ್ನುತ್ತಾರೆ. ನಾವು ಇದನ್ನು 'ದೂರದ ತೆರೆ' ಎನ್ನೋಣ.

ಇಲ್ಲಿ ಸ್ವಲ್ಪ ಲೆಕ್ಕ ಅವಶ್ಯ. ಒಂದು ಶೃಂಗ ಕಳೆದು ಮತ್ತೊಂದು ಶೃಂಗ ಬರುವವರೆಗಿನ ಕಾಲವನ್ನು ತೆರೆಯ ಅವಧಿ ಎನ್ನುತ್ತೇವೆ. ಆಳವಾದ ನೀರಿನಲ್ಲಿ ಅವಧಿಯ ಸೆಕೆಂಡುಗಳನ್ನು ೧.೫೬ರಿಂದ ಗುಣಿಸಿದರೆ ತೆರೆಯ ವೇಗ ಸೆಕೆಂಡಿಗೆ ಇಷ್ಟು ಮೀಟರೆಂದು ದೊರೆಯುತ್ತದೆ. ಅವಧಿ ೧೬ ಸೆಕೆಂಡಾದರೆ ವೇಗ ಸುಮಾರು ೨೫ ಮೀಟರು, ಎಂದರೆ ಗಂಟೆಗೆ ೯೦ ಕಿಲೋಮೀಟರು. ಎರಡು ಶೃಂಗಗಳ ನಡುವಣ ತರಂಗದೂರ ಸುಮಾರು ೪೦೦ ಮೀಟರು. ಆದರೆ ತೆರೆಗಳ ಗುಂಪು, ಎಂದರೆ ಅವು ಹೊತ್ತ ಶಕ್ತಿ, ಅದರ ಅರ್ಧ ವೇಗದಲ್ಲಿ ಮಾತ್ರ ಮುಂದುವರಿಯುತ್ತದೆ. ಹಾಗಾಗಿ ೨,೫೦೦ ಕಿಲೋಮೀಟರು ದೂರದಲ್ಲಿ ಎದ್ದ ತೆರೆಗಳು ಗಂಟೆಗೆ ೪೫ ಕಿಲೋಮೀಟರಿನಂತೆ ಎರಡು ದಿನಗಳ ಮೇಲೆ ಏಳೆಂಟು ಗಂಟೆಗಳಲ್ಲಿ ತೀರವನ್ನು ಮುಟ್ಟುತ್ತವೆ. ಇಷ್ಟು ಹೊತ್ತಿಗೆ ಅವುಗಳನ್ನು ಹುಟ್ಟಿಸಿದ ಬಿರುಗಾಳಿ ಎಲ್ಲಿಯೋ ಕರಗಿಹೋಗಿರಬಹುದು. ತೀರದಲ್ಲಿ ಒಂದೆಲೆಯೂ ಅಲುಗದಿರಬಹುದು. ಆದರೂ ತೆರೆ ಬರುತ್ತದೆ.

ಇದು ಬರಿಯ ಊಹೆಯಲ್ಲ. ೧೯೬೩ರಲ್ಲಿ ವಾಲ್ಟರ್ ಮಂಕ್ ಎಂಬ ಸಾಗರವಿಜ್ಞಾನಿಯೂ ಅವರ ಸಂಗಡಿಗರೂ ನ್ಯೂಜಿಲೆಂಡಿನಿಂದ ಅಲಾಸ್ಕದವರೆಗೆ ಪೆಸಿಫಿಕ್ ಸಾಗರದುದ್ದಕ್ಕೂ ಮಾಪಕಗಳನ್ನಿರಿಸಿ, ದಕ್ಷಿಣದ ಬಿರುಗಾಳಿಯ ತೆರೆಗಳು ಸಮಭಾಜಕವೃತ್ತವನ್ನು ದಾಟಿ ಉತ್ತರದ ತೀರವನ್ನು ಮುಟ್ಟುವುದನ್ನು ಅಳೆದು ತೋರಿಸಿದರು. ನೀರು ಅಷ್ಟು ದೂರ ಹರಿದು ಹೋಗುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ಮಾಗಿದ ಜೋಳದ ಹೊಲದ ಮೇಲೆ ಗಾಳಿ ಸುಳಿದಾಗ ತೆನೆಗಳು ಬಾಗಿ ಏಳುತ್ತವೆ, ಅಲೆ ಬದುವಿನಿಂದ ಬದುವಿಗೆ ಓಡುತ್ತದೆ. ದಂಟುಗಳು ಬೇರೂರಿದಲ್ಲಿಯೇ ಇರುತ್ತವೆ. ನೀರಿನ ಕಣಗಳೂ ತಮ್ಮ ನೆಲೆಯಲ್ಲಿಯೇ ವೃತ್ತಾಕಾರವಾಗಿ ಸುತ್ತುತ್ತವೆ. ಪ್ರಯಾಣ ಮಾಡುವುದು ಶಕ್ತಿ.

ಬಾಗುವ ತೆರೆ, ಒಡೆಯುವ ತೆರೆ

ನೀರಿನ ಆಳ ತರಂಗದೂರದ ಅರ್ಧಕ್ಕಿಂತ ಕಡಿಮೆಯಾದಾಗ ತೆರೆಗೆ ನೆಲದ ಸ್ಪರ್ಶವಾಗುತ್ತದೆ. ನಾಲ್ಕುನೂರು ಮೀಟರಿನ ತೆರೆಗೆ ಇನ್ನೂರು ಮೀಟರು ಆಳದಲ್ಲಿಯೇ ಈ ಅನುಭವ ಆರಂಭವಾಗುತ್ತದೆ. ಆಮೇಲೆ ಆಳ ಕಡಿಮೆಯಾದಂತೆಲ್ಲ ಅದರ ವೇಗ ತಗ್ಗುತ್ತದೆ. ಹತ್ತು ಮೀಟರು ಆಳದಲ್ಲಿ ಅದು ಗಂಟೆಗೆ ಸುಮಾರು ೩೬ ಕಿಲೋಮೀಟರು, ಎರಡೂವರೆ ಮೀಟರು ಆಳದಲ್ಲಿ ಸುಮಾರು ೧೮ ಕಿಲೋಮೀಟರು. ಹಿಂದಿನಿಂದ ಬರುವ ಶಕ್ತಿ ಒತ್ತರಿಸುವುದರಿಂದ ತೆರೆಗಳ ನಡುವಣ ಅಂತರ ಕುಗ್ಗಿ ಎತ್ತರ ಹೆಚ್ಚುತ್ತದೆ. ಕೊನೆಗೆ ಎತ್ತರವು ಆಳದ ಸುಮಾರು ಮುಕ್ಕಾಲು ಭಾಗವಾದಾಗ ತಲೆ ಮುಂದಕ್ಕೆ ವಾಲಿ ತೆರೆ ಒಡೆಯುತ್ತದೆ.

ತೆರೆಯ ಒಂದು ಕೊನೆ ಆಳದಲ್ಲಿದ್ದು ಇನ್ನೊಂದು ಕೊನೆ ತೆಳುನೀರಿಗೆ ಬಂದರೆ, ತೆಳುನೀರಿನ ಭಾಗ ನಿಧಾನಿಸಿ ಇಡೀ ತೆರೆ ಅತ್ತ ಬಾಗುತ್ತದೆ. ಕವಾಯತಿನ ಸಾಲು ತಿರುಗುವಾಗ ಒಳಗಿನ ಹುಡುಗ ಹೆಜ್ಜೆ ಕಿರಿದುಮಾಡುತ್ತಾನೆ, ಹೊರಗಿನವನು ಬೀಸಿ ನಡೆಯುತ್ತಾನೆ. ಸಾಲು ಮುರಿಯದೆ ತಿರುಗುತ್ತದೆ. ತೆರೆಯ ಈ ತಿರುವಿಗೆ ಭೌತಶಾಸ್ತ್ರದಲ್ಲಿ ವಕ್ರೀಭವನವೆಂದು ಹೆಸರು. ಪ್ರೌಢಶಾಲೆಯಲ್ಲಿ ಗಾಜಿನ ಅಶ್ರಗದ ಮೂಲಕ ಬೆಳಕಿನ ಕಿರಣ ಬಾಗುವುದನ್ನು ನೋಡಿದ ವಿದ್ಯಾರ್ಥಿಗೆ ಇದರ ತತ್ತ್ವ ಹೊಸತಲ್ಲ.

ನೆಲದ ಚಾಚೊಂದನ್ನು ಸುತ್ತಿ ಬಾಗಿದ ತೆರೆ ದಂಡೆಗೆ ಒಮ್ಮೆಲೇ ಅಪ್ಪಳಿಸದೆ, ಒಂದು ಕೊನೆಯಿಂದ ಮೊದಲಾಗಿ ಮತ್ತೊಂದು ಕೊನೆಯವರೆಗೆ ಚಾಪೆ ಸುತ್ತಿಕೊಂಡು ಹೋದಂತೆ ಕ್ರಮವಾಗಿ ಒಡೆಯುತ್ತ ಸಾಗುತ್ತದೆ. ಇಂಥದನ್ನು ಆಟಗಾರರು ಪಾಯಿಂಟ್ ಬ್ರೇಕ್ ಎನ್ನುತ್ತಾರೆ. ಒಡೆದ ನೊರೆಗೂ ಇನ್ನೂ ಒಡೆಯದ ನುಣುಪಾದ ನೀರಿನ ಗೋಡೆಗೂ ನಡುವಣ ಆ ಚಲಿಸುವ ಸಂಧಿಯಲ್ಲಿ ಅವರು ಹಲಗೆಯನ್ನು ಜಾರಿಸುತ್ತಾರೆ. ಸ್ಕೆಲಿಟನ್ ಬೇಯಲ್ಲಿ ನೈಋತ್ಯದಿಂದ ಬಂದ ತೆರೆ ಮರಳುನಾಲಗೆಯ ಬಾಗನ್ನು ಸವರಿಕೊಂಡು ಉತ್ತರದ ಕಡೆಗೆ ಒಡೆಯುತ್ತ ಹೋಗುತ್ತದೆ. ದಡಕ್ಕೆ ಮುಖಮಾಡಿದ ಆಟಗಾರನಿಗೆ ಅದು ಎಡಕ್ಕೆ ಸಾಗುವ ತೆರೆ. ಒಳ್ಳೆಯ ದಿನದಲ್ಲಿ ಅದರ ಓಟ ಸುಮಾರು ಎರಡು ಕಿಲೋಮೀಟರು. ಹವಾಯಿಯ ಕೋವಾ ಸ್ಮಿತ್ ಎಂಬ ಆಟಗಾರನು ೨೦೧೮ರಲ್ಲಿ ಇಲ್ಲಿ ಒಂದೇ ತೆರೆಯ ಮೇಲೆ ಸುಮಾರು ಎರಡು ನಿಮಿಷ ನಿಂತಿದ್ದನು. ಸಾಮಾನ್ಯ ತೀರಗಳಲ್ಲಿ ಹತ್ತು ಹದಿನೈದು ಸೆಕೆಂಡುಗಳ ಸವಾರಿಯೇ ತೃಪ್ತಿಕರವೆನಿಸುತ್ತದೆಂಬುದನ್ನು ನೆನೆದರೆ ಇದರ ವೈಶಿಷ್ಟ್ಯ ತಿಳಿಯುತ್ತದೆ.

ಮರಳಿನ ಪಯಣ

ಇಷ್ಟು ಒಪ್ಪವಾಗಿ ತೆರೆಯನ್ನು ಬಾಗಿಸುವ ದಂಡೆಯನ್ನು ಕಟ್ಟಿದವರು ಯಾರು? ದಕ್ಷಿಣ ಆಫ್ರಿಕಾದ ನಡುವೆ ಲೆಸೊಥೊ ಎಂಬ ಬೆಟ್ಟನಾಡಿದೆ. ಅಲ್ಲಿ ಹುಟ್ಟುವ ಆರೆಂಜ್ ನದಿ ಸುಮಾರು ೨,೨೦೦ ಕಿಲೋಮೀಟರು ಪಶ್ಚಿಮಕ್ಕೆ ಹರಿದು ಅಟ್ಲಾಂಟಿಕನ್ನು ಸೇರುತ್ತದೆ. ಅದು ಲಕ್ಷಾಂತರ ವರ್ಷಗಳಿಂದ ಬೆಟ್ಟಗಳನ್ನು ಸವೆಸಿ ತಂದ ಮರಳು ಕಡಲಿಗೆ ಬೀಳುತ್ತದೆ. ಅದರೊಡನೆ ಬಂದ ವಜ್ರಗಳೂ ಆ ತೀರದಲ್ಲಿ ದೊರೆಯುತ್ತವೆ. ನೈಋತ್ಯದಿಂದ ಓರೆಯಾಗಿ ಬಂದ ತೆರೆ ಮರಳನ್ನು ದಂಡೆಯ ಮೇಲಕ್ಕೆ ಓರೆಯಾಗಿ ತಳ್ಳುತ್ತದೆ, ನೀರು ಇಳಿಯುವಾಗ ನೇರವಾಗಿ ಕೆಳಕ್ಕೆ ಎಳೆಯುತ್ತದೆ. ಪ್ರತಿ ತೆರೆಗೂ ಮರಳಿನ ಕಣ ಒಂದಿಷ್ಟು ಉತ್ತರಕ್ಕೆ ಸರಿಯುತ್ತದೆ. ಹೀಗೆ ಗರಗಸದ ಹಲ್ಲಿನಂಥ ದಾರಿಯಲ್ಲಿ ನಡೆದ ಮರಳು ನದಿಯ ಮುಖದಿಂದ ಆರುನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ವಾಲ್ವಿಸ್ ಬೇಯನ್ನು ಮುಟ್ಟುತ್ತದೆ. ಇನ್ನೂ ಮುಂದೆ ಅಂಗೋಲದ ದಕ್ಷಿಣ ತೀರದವರೆಗೂ ಆರೆಂಜ್ ನದಿಯ ಮರಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ತೀರಕ್ಕೆ ಬಿದ್ದ ಮರಳನ್ನು ದಕ್ಷಿಣದ ಗಾಳಿ ಒಳನಾಡಿಗೆ ಹೊತ್ತು ನಮಿಬ್ ಮರುಭೂಮಿಯ ಬೃಹತ್ ದಿಬ್ಬಗಳನ್ನು ಕಟ್ಟಿದೆ. ಚಳಿಗಾಲದಲ್ಲಿ ಆಗಾಗ ಬೀಸುವ ಪೂರ್ವದ ಬಿಸಿಗಾಳಿ ಅದರಲ್ಲಿ ಸ್ವಲ್ಪವನ್ನು ಮತ್ತೆ ಕಡಲಿಗೆ ಚೆಲ್ಲುತ್ತದೆ.

ಈ ಮರಳಿನ ಬಲವನ್ನು ತಿಳಿಯಲು ಒಂದು ಉದಾಹರಣೆ ಸಾಕು. ೧೯೦೯ರ ಸೆಪ್ಟೆಂಬರಿನಲ್ಲಿ ಎಡ್ವರ್ಡ್ ಬೋಲೆನ್ ಎಂಬ ಜರ್ಮನ್ ಹಡಗು ವಾಲ್ವಿಸ್ ಬೇಯ ದಕ್ಷಿಣಕ್ಕಿರುವ ಕನ್‌ಸೆಪ್ಷನ್ ಬೇಯಲ್ಲಿ ಮಂಜಿನಲ್ಲಿ ದಾರಿತಪ್ಪಿ ನೆಲಕ್ಕೆ ಹತ್ತಿತು. ಅದು ಸಿಕ್ಕಿಬಿದ್ದದ್ದು ನೀರಿನಲ್ಲಿ. ಇಂದು ಅದೇ ಹಡಗಿನ ತುಕ್ಕುಹಿಡಿದ ಒಡಲು ನೀರಿನಿಂದ ನೂರಾರು ಮೀಟರು ಒಳಗೆ, ಮರುಭೂಮಿಯ ನಡುವೆ ನಿಂತಿದೆ. ಹಡಗು ಕದಲಲಿಲ್ಲ, ತೀರವೇ ಸರಿದುಹೋಯಿತು.

ಸ್ಕೆಲಿಟನ್ ಬೇಯ ಮರಳುನಾಲಗೆಯೂ ಇಂಥ ಚಲಿಸುವ ಕಟ್ಟಡ. ವರ್ಷವರ್ಷದ ಉಪಗ್ರಹ ಚಿತ್ರಗಳನ್ನು ಜೋಡಿಸಿ ನೋಡಿದರೆ ದಂಡೆಯ ಬಾಗು ಒಂದೆಡೆ ಕೊರೆಯುತ್ತ ಇನ್ನೊಂದೆಡೆ ತುಂಬುತ್ತ ರೂಪಾಂತರ ಹೊಂದುತ್ತಿರುವುದು ಕಾಣುತ್ತದೆ. ತೆರೆ ಮರಳನ್ನು ಕಟ್ಟಿತು. ಆ ಮರಳು ತೆರೆಗೆ ಆಕಾರ ಕೊಟ್ಟಿತು. ಆಕಾರ ಪಡೆದ ತೆರೆ ಮತ್ತೆ ಮರಳನ್ನು ಸರಿಸುತ್ತದೆ. ಬಂಡೆಯ ಮೇಲೆ ಒಡೆಯುವ ತೆರೆ ತಲೆಮಾರುಗಳವರೆಗೆ ಒಂದೇ ರೀತಿ ಇರಬಹುದು. ಮರಳಿನ ಮೇಲೆ ಒಡೆಯುವ ತೆರೆಗೆ ಆ ಭರವಸೆಯಿಲ್ಲ.

ಉಷ್ಣವಲಯದ ತಣ್ಣೀರು

ವಾಲ್ವಿಸ್ ಬೇ ೨೩ ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಉತ್ತರದಲ್ಲಿ ಅದೇ ಅಕ್ಷಾಂಶದಲ್ಲಿರುವುದು ನಮ್ಮ ಅಹಮದಾಬಾದು. ಹೀಗಿರಲು ಅಲ್ಲಿಯ ನೀರು ಬೆಚ್ಚಗಿರಬೇಕೆಂದು ಯಾರಾದರೂ ಊಹಿಸಬಹುದು. ಆದರೆ ಆಟದ ಋತುವಿನಲ್ಲಿ ಅಲ್ಲಿಯ ನೀರಿನ ಉಷ್ಣತೆ ಸಾಮಾನ್ಯವಾಗಿ ೧೨ರಿಂದ ೧೫ ಡಿಗ್ರಿ ಸೆಲ್ಸಿಯಸ್ ಮಾತ್ರ.

ಕಾರಣ ಹೀಗಿದೆ. ಆ ಕರಾವಳಿಯುದ್ದಕ್ಕೂ ಬೆಂಗುಯೆಲಾ ಎಂಬ ಪ್ರವಾಹ ಉತ್ತರಕ್ಕೆ ಹರಿಯುತ್ತದೆ; ಗಾಳಿಯೂ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತದೆ. ಭೂಮಿಯ ಆವರ್ತನದ ಫಲವಾಗಿ ದಕ್ಷಿಣ ಗೋಲಾರ್ಧದಲ್ಲಿ ಮೇಲ್ಪದರದ ನೀರು ಗಾಳಿಯ ಎಡಕ್ಕೆ ಸರಿಯುತ್ತದೆ. ಇಲ್ಲಿ ಎಡವೆಂದರೆ ಪಶ್ಚಿಮ, ತೆರೆದ ಸಾಗರ. ಹೀಗೆ ತೀರವನ್ನು ಬಿಟ್ಟು ಹೋದ ನೀರಿನ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಆಳದ ನೀರಿನಲ್ಲಿ ಪೋಷಕ ಲವಣಗಳು ಹೇರಳ. ಅದರಿಂದ ಸೂಕ್ಷ್ಮ ಸಸ್ಯಗಳು, ಅವುಗಳಿಂದ ಮೀನು, ಮೀನಿನಿಂದ ಕಡಲಹಕ್ಕಿಗಳೂ ಸೀಲ್ ಪ್ರಾಣಿಗಳೂ ಬದುಕುತ್ತವೆ. ಪೆಲಿಕನ್ ಪಾಯಿಂಟಿನಲ್ಲಿ ಸೀಲ್‌ಗಳ ದೊಡ್ಡ ನೆಲೆಯೇ ಇದೆ. ಆಟಗಾರರ ಪಕ್ಕದಲ್ಲಿ ಅವೂ ತೆರೆಯೊಳಗೆ ಈಜುವುದುಂಟು. ತಣ್ಣನೆಯ ನೀರಿನ ಮೇಲೆ ಹಾದ ತೇವದ ಗಾಳಿ ಮಂಜಾಗಿ ತೀರವನ್ನು ಮುಚ್ಚುತ್ತದೆ. ಮಳೆ ಕಾಣದ ನಮಿಬ್‌ನ ಕೆಲವು ಜೀರುಂಡೆಗಳು ದಿಬ್ಬದ ನೆತ್ತಿಯಲ್ಲಿ ತಲೆ ತಗ್ಗಿಸಿ ನಿಂತು ಬೆನ್ನ ಮೇಲೆ ಕೂಡಿದ ಮಂಜಿನ ಹನಿಯನ್ನು ಕುಡಿದು ಜೀವಿಸುತ್ತವೆ. ಕಡಲಿನ ತಂಪೇ ನೆಲದ ಬರಕ್ಕೂ ಒಂದು ಕಾರಣ, ಆ ಬರದಲ್ಲಿ ಸಿಗುವ ಹನಿ ನೀರಿಗೂ ಕಾರಣ.

ಮನುಷ್ಯದೇಹಕ್ಕೆ ಈ ನೀರು ಹಗುರವಾದುದಲ್ಲ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ತಣ್ಣೀರಿಗೆ ಒಮ್ಮೆಲೇ ಬಿದ್ದವನು ಮೊದಲ ಒಂದೆರಡು ನಿಮಿಷ ತನಗರಿವಿಲ್ಲದೆಯೇ ಏದುಸಿರು ಬಿಡುತ್ತಾನೆ. ಆ ಗಳಿಗೆಯಲ್ಲಿ ಬಾಯಿ ನೀರಿನೊಳಗಿದ್ದರೆ ಅಪಾಯ. ಅನಂತರ ಬೆರಳುಗಳು ಸೆಟೆದು ಕೈಗಳು ಹೇಳಿದಂತೆ ಕೇಳುವುದಿಲ್ಲ. ಅದಕ್ಕಾಗಿಯೇ ಅಲ್ಲಿ ನೀರಿಗಿಳಿಯುವವರು ರಬ್ಬರಿನಂಥ ನಿಯೋಪ್ರೀನ್ ಎಂಬ ವಸ್ತುವಿನ ಮೈಗಂಟುವ ಉಡುಪನ್ನು ಧರಿಸುತ್ತಾರೆ. ಅದು ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಸೇರಿದ ತೆಳುನೀರಿನ ಪದರವನ್ನು ಮೈಶಾಖ ಬಿಸಿಮಾಡುತ್ತದೆ; ವಸ್ತುವಿನಲ್ಲಿ ಅಡಗಿದ ಸಣ್ಣ ಅನಿಲಗುಳ್ಳೆಗಳು ಆ ಶಾಖ ಹೊರಹೋಗದಂತೆ ಕಾಯುತ್ತವೆ. ೧೯೫೦ರ ದಶಕದ ಆರಂಭದಲ್ಲಿ ಇದನ್ನು ಯೋಚಿಸಿದವರು ಹ್ಯೂ ಬ್ರಾಡ್ನರ್ ಎಂಬ ಭೌತವಿಜ್ಞಾನಿ.

ಕಾಯುವವರ ಕಡಲು

ಈ ತೆರೆ ಬಹುಜನರಿಗೆ ತಿಳಿದ ಬಗೆಯೂ ಸ್ವಾರಸ್ಯಕರ. ಅಮೆರಿಕದ ಒಂದು ಸರ್ಫಿಂಗ್ ಪತ್ರಿಕೆ ೨೦೦೭ರಲ್ಲಿ, ಗಣಕಯಂತ್ರದಲ್ಲಿ ಗೂಗಲ್ ಅರ್ತ್‌ನ ಚಿತ್ರಗಳನ್ನು ನೋಡಿ ಅಪರಿಚಿತ ತೆರೆಯೊಂದನ್ನು ಹುಡುಕಿಕೊಡಿರೆಂದು ಓದುಗರಿಗೆ ಸ್ಪರ್ಧೆಯಿಟ್ಟಿತು. ಬ್ರಯನ್ ಗೇಬಲ್ ಎಂಬ ಓದುಗನು ಈ ಮರಳುನಾಲಗೆಯ ಬಿಳಿನೊರೆಯ ಗೆರೆಯನ್ನು ಗುರುತಿಸಿದನು. ೨೦೦೮ರಲ್ಲಿ ಕೋರಿ ಲೋಪೆಜ್ ಮೊದಲಾದವರು ಅಲ್ಲಿಗೆ ಹೋಗಿ ಆಡಿದ ಚಿತ್ರಗಳು ಪ್ರಕಟವಾದಾಗ ಜಗತ್ತು ಬೆರಗಾಯಿತು. ಆ ಮೊದಲೇ ಕೆಲವು ಸ್ಥಳೀಯರಿಗೆ ಅದು ಗೊತ್ತಿತ್ತು. ಅವರು ಡಂಗುರ ಸಾರಿರಲಿಲ್ಲ, ಅಷ್ಟೆ.

ಚಿತ್ರ ನೋಡಿ ಹೊರಟವರಲ್ಲಿ ಬಹುಮಂದಿಗೆ ಸಿಗುವುದು ಬರಿಯ ಗಾಳಿ, ಮಂಜು, ಮರಳು. ತೆರೆ ಸರಿಯಾಗಿ ಒಡೆಯಬೇಕಾದರೆ ಹಲವು ಸಂಗತಿಗಳು ಒಟ್ಟಿಗೆ ಕೂಡಬೇಕು. ದಕ್ಷಿಣದ ಚಳಿಗಾಲ, ಎಂದರೆ ನಮ್ಮ ಮುಂಗಾರಿನ ತಿಂಗಳುಗಳಲ್ಲಿ, ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬಲವಾದ ಬಿರುಗಾಳಿ ಏಳಬೇಕು. ತೆರೆಯ ದಿಕ್ಕು ನೈಋತ್ಯವಾಗಿರಬೇಕು. ನಾಲಗೆಯನ್ನು ಸುತ್ತಿ ಬಾಗುವಾಗ ಶಕ್ತಿ ಹಂಚಿಹೋಗುವುದರಿಂದ ಸಣ್ಣ ತೆರೆ ಒಳಗೆ ಮುಟ್ಟುವಷ್ಟರಲ್ಲಿ ಸೊರಗುತ್ತದೆ. ಅದು ದೊಡ್ಡದಾಗಿಯೂ ದೀರ್ಘ ಅವಧಿಯದಾಗಿಯೂ ಇರಬೇಕು. ಇನ್ನು ಗಾಳಿಯ ವಿಷಯ. ಬೇರೆಡೆ ತೆರೆಯನ್ನು ಕೆಡಿಸುವ ದಕ್ಷಿಣದ ಗಾಳಿ, ತೀರ ಈಶಾನ್ಯಕ್ಕೆ ಬಾಗಿರುವ ಇಲ್ಲಿ ನೆಲದಿಂದ ನೀರಿನ ಕಡೆಗೆ ಬೀಸಿ ತೆರೆಯ ಮುಖವನ್ನು ಎತ್ತಿಹಿಡಿಯುತ್ತದೆ. ಆದರೆ ಮಧ್ಯಾಹ್ನ ಅದು ಜೋರಾದರೆ ಮರಳನ್ನು ಮುಖಕ್ಕೆರಚಿ ನಿಲ್ಲಲೂ ಬಿಡುವುದಿಲ್ಲ. ಇವೆಲ್ಲ ಕೂಡಿಬರುವ ದಿನಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಆದ್ದರಿಂದಲೇ ತಿಳಿದವರು ತಮ್ಮ ಊರುಗಳಲ್ಲಿಯೇ ಕುಳಿತು ಹವಾಮಾನದ ನಕ್ಷೆಯನ್ನು ಓದುತ್ತಾರೆ. ಬಿರುಗಾಳಿ ಎದ್ದುದನ್ನು ಕಂಡು ಲೆಕ್ಕಹಾಕಿ, ತೆರೆ ಹೊರಟ ಮೇಲೆ ತಾವೂ ಹೊರಡುತ್ತಾರೆ.

ಕೂಡಿಬಂದ ದಿನದಲ್ಲಿಯೂ ಅದು ಅನುಭವಿಗಳ ತೆರೆ. ದಂಡೆ ಕಡಿದಾಗಿರುವುದರಿಂದ ತೆರೆ ತೀರಕ್ಕೆ ಬಹು ಸಮೀಪದಲ್ಲಿ, ಸೊಂಟದ ಆಳದ ನೀರಿನಲ್ಲಿ ಒಡೆಯುತ್ತದೆ. ತಲೆ ಮುಂದಕ್ಕೆ ಬಾಗಿ ಒಳಗೆ ಟೊಳ್ಳಾದ ಕೊಳವೆಯೊಂದು ಏರ್ಪಡುತ್ತದೆ. ಅದರೊಳಗೆ ತೂರಿ ಹೊರಬರುವುದೇ ಆಟಗಾರರ ಪರಮಾನಂದ. ತಪ್ಪಿದವನು ಗಟ್ಟಿಮರಳಿಗೆ ಅಪ್ಪಳಿಸುತ್ತಾನೆ. ಹಲಗೆಗಳು ಮುರಿಯುವುದು, ಭುಜ ಕುತ್ತಿಗೆಗಳಿಗೆ ಪೆಟ್ಟಾಗುವುದು ಅಲ್ಲಿ ಸಾಮಾನ್ಯ. ಓರೆಯಾಗಿ ಸುರಿದ ನೀರೆಲ್ಲ ದಂಡೆಯಗುಂಟ ಉತ್ತರಕ್ಕೆ ಹೊಳೆಯಂತೆ ಹರಿಯುವುದರಿಂದ ಅದಕ್ಕೆದುರಾಗಿ ಈಜುವುದು ವ್ಯರ್ಥ. ಎಷ್ಟೇ ನಿಪುಣನಾದರೂ ತೆರೆ ಮುಗಿದಲ್ಲಿ ದಡ ಹತ್ತಿ, ಹಲಗೆ ಹೊತ್ತು, ಅರ್ಧ ಗಂಟೆ ಮರಳಿನಲ್ಲಿ ನಡೆದು ಮೊದಲಿನ ಜಾಗಕ್ಕೆ ಬರಬೇಕು. ಎರಡು ನಿಮಿಷದ ಓಟಕ್ಕೆ ಅರ್ಧ ಗಂಟೆಯ ನಡಿಗೆ!

ಉಳಿಯಬೇಕಾದುದು ಯಾವುದು

ಈ ಮರಳುನಾಲಗೆ ಆಟಗಾರರ ಸೊತ್ತಷ್ಟೇ ಅಲ್ಲ. ಯಾವ ತೆರೆಗಳು ಹೊರಮಗ್ಗುಲಲ್ಲಿ ಅವರಿಗೆ ಹಬ್ಬವೋ, ಅವೇ ತೆರೆಗಳಿಂದ ಒಳಮಗ್ಗುಲಿನ ಬಂದರನ್ನೂ ಉಪ್ಪಿನ ಹರವುಗಳನ್ನೂ ಹಕ್ಕಿಗಳ ಹಿನ್ನೀರನ್ನೂ ಕಾಯುತ್ತಿರುವುದು ಅದೇ ಮರಳು. ನಾಲಗೆಗೆ ಬರುವಷ್ಟು ಮರಳು ಬಂದು, ಹೋಗುವಷ್ಟು ಹೋಗುತ್ತಿದ್ದರೆ ಅದು ನಿಲ್ಲುತ್ತದೆ. ಈ ಆಯವ್ಯಯ ತಪ್ಪಿ ಕಿರಿದಾದ ಒಂದೆಡೆ ಕಡಲು ಕೊರೆದು ನುಗ್ಗಿದರೆ ತೆರೆಯೂ ಕೆಡುತ್ತದೆ, ಆಸರೆಯೂ ಕೆಡುತ್ತದೆ. ಕೋಟಿಗಟ್ಟಲೆ ಕಣಗಳು ಸಾಗುತ್ತಲೇ ಇರುವುದರಿಂದ ಮಾತ್ರ ಅದು ಇದ್ದಲ್ಲಿಯೇ ಇರುವಂತೆ ತೋರುತ್ತದೆ.

ಇಷ್ಟು ದೂರದ ಕಥೆ ನಮಗೇಕೆ ಎಂದು ಕೇಳುವವರಿರಬಹುದು. ಗರ್ಜಿಸುವ ಅದೇ ಗಾಳಿಯ ವಲಯ ನಮ್ಮ ಹಿಂದೂ ಮಹಾಸಾಗರದ ದಕ್ಷಿಣಕ್ಕೂ ಇದೆ. ಅಲ್ಲಿ ಎದ್ದ ದೂರದ ತೆರೆಗಳು ಸಾವಿರಾರು ಕಿಲೋಮೀಟರು ಉತ್ತರಕ್ಕೆ ನಡೆದು ಭಾರತದ ತೀರಕ್ಕೆ ಬರುತ್ತವೆ. ಮುಗಿಲು ತಿಳಿಯಾಗಿದ್ದು ಗಾಳಿ ನಿಂತಿದ್ದಾಗಲೂ ಕಡಲು ಏಕಾಏಕಿ ಉಕ್ಕಿ ಮನೆಯಂಗಳಕ್ಕೆ ನುಗ್ಗುವುದನ್ನು ಕೇರಳದ ಮೀನುಗಾರರು 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂದರ್ಥ. ೨೦೨೪ರ ಮಾರ್ಚ್ ಕೊನೆಯಲ್ಲಿ ಕೇರಳದ ತೀರ ಹೀಗೆ ಉಕ್ಕಿತು. ಅದೇ ವರ್ಷದ ಮೇ ೬ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲತೀರವೊಂದರಲ್ಲಿ ಐವರು ವೈದ್ಯವಿದ್ಯಾರ್ಥಿಗಳನ್ನು ತೆರೆಗಳು ಸೆಳೆದೊಯ್ದವು. ದೂರದ ತೆರೆಗಳ ಬಗೆಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದ ಎಚ್ಚರಿಕೆ ಆ ದಿನಗಳಲ್ಲಿ ಜಾರಿಯಲ್ಲಿತ್ತು. ಕಾರಣ ಯಾವುದೇ ಇರಲಿ, ಕಡಲನ್ನು ಅರಿಯದ ಒಳನಾಡಿನ ಮಕ್ಕಳ ಪಾಲಿಗೆ ಅಪಾಯ ಒಂದೇ. ಆ ವರ್ಷದ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ನಾವು ಇದನ್ನು ಮರೆಯುವಂತಿಲ್ಲ.

ಸ್ಕೆಲಿಟನ್ ಬೇಗೆ ಹೋಗುವ ನುರಿತ ಆಟಗಾರನು ನೀರಿಗಿಳಿಯುವ ಮೊದಲು ಅರ್ಧ ಗಂಟೆ ದಡದಲ್ಲಿ ನಿಂತು ನೋಡುತ್ತಾನೆ. ತೆರೆಗಳು ಎಷ್ಟೆಷ್ಟು ಹೊತ್ತಿಗೆ ಬರುತ್ತಿವೆ, ದೊಡ್ಡವು ಗುಂಪಾಗಿ ಬಂದು ನಡುವೆ ಎಷ್ಟು ಬಿಡುವು ಕೊಡುತ್ತವೆ, ನೀರು ಯಾವ ಕಡೆಗೆ ಹರಿಯುತ್ತಿದೆ, ಹೊರಬರುವ ದಾರಿ ಎಲ್ಲಿದೆ ಎಂದು ಮನಸ್ಸಿನಲ್ಲಿ ಗುರುತುಹಾಕಿಕೊಳ್ಳುತ್ತಾನೆ. ತೆರೆಗಳು ಗುಂಪಾಗಿ ಬರುತ್ತವೆಂಬುದೊಂದನ್ನು ಅರಿತರೂ ಸಾಕು, 'ಐದು ನಿಮಿಷದಿಂದ ಶಾಂತವಾಗಿದೆ, ಇಳಿಯೋಣ' ಎಂಬ ತಪ್ಪನ್ನು ನಾವು ಮಾಡುವುದಿಲ್ಲ. ಆ ಶಾಂತಿ ಎರಡು ಗುಂಪುಗಳ ನಡುವಣ ಬಿಡುವು ಮಾತ್ರ ಆಗಿರಬಹುದು.

ಮುಂದಿನ ಪ್ರವಾಸದಲ್ಲಿ ನಮ್ಮ ಮಕ್ಕಳು ಕಡಲಂಚಿಗೆ ಹೋದಾಗ, ಚಪ್ಪಲಿ ಬಿಟ್ಟು ಓಡುವ ಮೊದಲು, ಗಡಿಯಾರ ಹಿಡಿದು ತೆರೆಗಳನ್ನು ಎಣಿಸಲಿ. ಎರಡು ಶೃಂಗಗಳ ನಡುವೆ ಎಷ್ಟು ಸೆಕೆಂಡು ಎಂದು ಬರೆದಿಟ್ಟುಕೊಳ್ಳಲಿ. ಆರೇಳು ಸೆಕೆಂಡಾದರೆ ಅದು ಬಹುಶಃ ಹತ್ತಿರದ ಗಾಳಿಯ ಮಗು. ಹದಿನಾಲ್ಕು ಹದಿನಾರಾದರೆ ಅದು ಬಹುದೂರದಿಂದ ಬಂದ ಅತಿಥಿ. ಅದರ ತೂಕವೇ ಬೇರೆ, ಅದಕ್ಕೆ ದಡದಲ್ಲಿ ನಿಂತು ಕೈಮುಗಿಯುವುದೇ ಸರಿ. "ಗುರುಗಳೇ, ಈ ತೆರೆಗಳು ಎಲ್ಲಿಂದ ಬರುತ್ತವೆ?" ಎಂದು ಕೇಳಿದ ಹುಡುಗನಿಗೆ ಆಗ ನಾವು ಉತ್ತರ ಹೇಳಬೇಕಾಗುವುದಿಲ್ಲ. ಗಡಿಯಾರವನ್ನು ಅವನ ಕೈಗೆ ಕೊಟ್ಟರಾಯಿತು.